ಗಾಳಿಹಡಗಿನ ಬೇಸಿಗೆ

ಆಗ ಹರಿಹರದಲ್ಲಿ ಬೇಸಿಗೆ ಬಂತೆಂದರೆ ತುಂಗಭದ್ರೆ ಸಣ್ಣಗಾಗಿ, ಉಳಿದ ಮರಳೆಲ್ಲ ಮಕ್ಕಳ ಪಾಲಾಗುತ್ತಿತ್ತು. ಒರತೆ ತೋಡುವುದು, ಗುಬ್ಬಿಗೂಡು ಕಟ್ಟುವುದು, ಮಂಡಕ್ಕಿಗೆ ಹಸಿ ಈರುಳ್ಳಿ ಕಲಸಿಕೊಂಡು ಅಲ್ಲೇ ಕೂತು ತಿನ್ನುವುದು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಅಂಥ ಒಂದು ಬೇಸಿಗೆಯನ್ನು ನಾನು ಮಾತ್ರ ಮನೆಯೊಳಗೇ ಕಳೆದೆ. ಅಪ್ಪ ತೀರಿಕೊಂಡಿದ್ದ. ಅವ್ವನೂ ನಾನೂ ದಾವಣಗೆರೆ ಬಿಟ್ಟು ಸೋದರಮಾವನ ಮನೆಗೆ ಬಂದಿದ್ದೆವು.

ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮನೆಗೆ ಬಂದರೆ ಮೈಯೆಲ್ಲ ಕಲ್ಲಿದ್ದಲು, ಎಣ್ಣೆಯ ವಾಸನೆ. ಗಿರಣಿಗೆ ಹೊಸ ಬಾಯ್ಲರ್ ಬಂತು. ಊರಿನ ದೊಡ್ಡವರನ್ನು ಕರೆದು, ಹಾರ ಹಾಕಿ, ಚಾಲೂ ಮಾಡಿದರು. ಅದೇ ದಿನ ಉಗಿಯ ಪೈಪು ಒಡೆದು ಅಪ್ಪ ಸತ್ತ. ಅವ್ವ ಅಳಲಿಲ್ಲ. ಮಾತೂ ಆಡಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ರೊಟ್ಟಿ ತಟ್ಟುತ್ತಿದ್ದಳು, ನನ್ನ ಜಡೆ ಹೆಣೆಯುತ್ತಿದ್ದಳು, ಆದರೆ ಅವಳ ಮನಸ್ಸು ಅಲ್ಲಿರುತ್ತಿರಲಿಲ್ಲ.

ಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಗಿರಣಿಗೆ ಹೋಗಿ, ಚಾಲೂ ಮಾಡುವ ಮೊದಲು ಅದನ್ನು ಎಷ್ಟು ಸಲ ಓಡಿಸಿ ನೋಡಿದ್ದಿರಿ ಎಂದು ಕೇಳಿದ್ದ. "ಪೂಜೆ ಮಾಡ್ಸಿದ್ವಲ್ರೀ ಮೇಷ್ಟ್ರೇ," ಅಂದಿದ್ದರಂತೆ. ಅದಾದ ಮೇಲೆ ಅವನು ಯಾರನ್ನೂ ಏನೂ ಕೇಳಲಿಲ್ಲ. ಹಗುರ ಅನಿಲ ತುಂಬಿಸಿ ಆಕಾಶದಲ್ಲಿ ತೇಲಿಸುತ್ತಿದ್ದ ಬ್ರಿಟಿಷರ ಹಳೆಯ ಗಾಳಿಹಡಗುಗಳ ಕಥೆ ಹಿಡಿದುಕೊಂಡು ಕೂತ.

ಅವನು ಹುಡುಗನಾಗಿದ್ದಾಗ, ಅಂಥದೊಂದು ದೈತ್ಯ ಹಡಗು ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಹಾರಿ ಬರುತ್ತದೆಂದು ಪೇಪರಿನಲ್ಲಿ ಬಂದಿತ್ತು. ಬರಲಿಲ್ಲ. ಹೊರಟ ರಾತ್ರಿಯೇ ಫ್ರಾನ್ಸಿನ ಗುಡ್ಡವೊಂದಕ್ಕೆ ಬಡಿದು ಸುಟ್ಟುಹೋಯಿತು. ಅದರ ವಿಚಾರಣೆಯ ವರದಿಯನ್ನೂ ಹಳೆಯ ಪುಸ್ತಕಗಳನ್ನೂ ಮಾವ ಆ ಬೇಸಿಗೆ ಬೆಂಗಳೂರಿನ ಗೆಳೆಯನೊಬ್ಬನ ಮೂಲಕ ತರಿಸಿಕೊಂಡಿದ್ದ. ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಓದು. ಕೇಳುವುದಕ್ಕೆ ಬೇರೆ ಯಾರೂ ಇಲ್ಲದೆ ನನಗೇ ಹೇಳುತ್ತಿದ್ದ. ನಾನು ಸ್ಲೇಟಿನ ಮೇಲೆ ಸೌತೆಕಾಯಿಯಂಥ ಹಡಗು ಬರೆಯುತ್ತ ಕೇಳುತ್ತಿದ್ದೆ. ಮೊದಮೊದಲಿನದೊಂದು ಶೆಡ್ಡಿನಿಂದ ಹೊರಗೆ ಎಳೆಯುವಾಗಲೇ ಗಾಳಿಗೆ ನಡು ಮುರಿದುಕೊಂಡಿತ್ತಂತೆ. ಇನ್ನೊಂದು, ಹೇಗೆ ತಿರುಗುತ್ತದೋ ನೋಡೋಣವೆಂದು ಪರೀಕ್ಷೆ ಮಾಡುವಾಗ ಜನರ ಕಣ್ಣೆದುರೇ ಎರಡು ತುಂಡಾಗಿ ನದಿಗೆ ಬಿತ್ತಂತೆ.

"ಇವ್ರು ಒಬ್ಬೊಬ್ಬರನ್ನೂ ಕರ್ದು ಕೇಳ್ಯಾರೆ ನೋಡು," ಎನ್ನುತ್ತಿದ್ದ ಮಾವ. "ಯಾವಾಗ ಹಾರ್ಸಿ ನೋಡಿದ್ರಿ, ಗಾಳಿ ಹೆಂಗಿತ್ತು, ಜೋರಾಗಿ ಓಡ್ಸಿದ್ರೋ ಇಲ್ಲೋ ಅಂತ. ಸತ್ತಿದ್ದಕ್ಕೆ ಲೆಕ್ಕ ಕೇಳ್ಯಾರೆ."

ಒಂದು ಸಂಜೆ ಅವ್ವ ಹೊಸ್ತಿಲ ಬಳಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಇಂಡಿಯಾಕ್ಕೆ ಹೊರಟ ಹಡಗಿನ ಕೊನೆಯ ಪರೀಕ್ಷೆಯ ಭಾಗವನ್ನು ಮಾವ ನನಗೆ ಹೇಳುತ್ತಿದ್ದ. ಹಡಗನ್ನು ನಡುವೆ ಕತ್ತರಿಸಿ ಉದ್ದ ಮಾಡಿದ್ದರು. ಹಾಗಿದ್ದೂ ಕೊನೆಯ ಸಲ ಗಾಳಿಯಿಲ್ಲದ ದಿನ ಹಾರಿಸಿ ನೋಡಿದರು. ಯಂತ್ರದ ಭಾಗವೊಂದು ಕೆಟ್ಟಿದ್ದರಿಂದ ಪೂರ್ತಿ ವೇಗಕ್ಕೆ ಓಡಿಸಲೇ ಇಲ್ಲ. ಹೊತ್ತಿಗೆ ಸರಿಯಾಗಿ ಇಂಡಿಯಾ ಮುಟ್ಟಬೇಕೆಂಬ ಅವಸರ ದೊಡ್ಡವರಿಗೆ.

"ಅಣ್ಣ," ಅಂದಳು ಅವ್ವ. ನಾವಿಬ್ಬರೂ ತಿರುಗಿ ನೋಡಿದೆವು. "ಬ್ಯಾಡ ಅನ್ನೋರು ಯಾರೂ ಇರ್ಲಿಲ್ಲೇನು ಅಲ್ಲಿ?"

"ಇದ್ರವ್ವ. ತಪಾಸಣೆ ಮಾಡೋನೊಬ್ಬ ಮೊದ್ಲೇ ಎಚ್ಚರಿಕೆ ಕೊಟ್ಟಿದ್ದ."

"ಹೇಳಿದ್ರೂ ಹಾರ್ಸಿದ್ರಾ?"

"ಹಾರ್ಸಿದ್ರು."

ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಇವ್ರೂ ಹೇಳಿದ್ರಣ್ಣ. ಜೋಡಣೆ ಹತ್ರ ಉಗಿ ಜಿನುಗ್ತೈತೆ, ಒಂದು ವಾರ ತಡೀರಿ ಅಂತ ಮ್ಯಾನೇಜರಿಗೆ ಹೇಳೀನಿ ಅಂದ್ರು. ಫಿಟ್ಟರ್ ಗೌಸಣ್ಣನೂ ಜೊತಿಗಿದ್ನಂತೆ. ಹೇಳಿ, ಉಂಡು, ಮಲಗಿದ್ರು. ನಾಳೆ ಹೋಗಬ್ಯಾಡ್ರಿ ಅಂತ ನಾನೂ ಅನ್ಲಿಲ್ಲ."

ಆಗ ಅತ್ತಳು. ಮೆಣಸಿನಕಾಯಿಯ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮಾವ ನೀರು ತಂದು, ಸಣ್ಣ ಮಗುವಿಗೆ ತೊಳೆದಂತೆ ಅವಳ ಕೈ, ಮುಖ ತೊಳೆದ.

ಮರುದಿನ ಬೆಳಿಗ್ಗೆ ಮೂವರೂ ರೈಲಿನಲ್ಲಿ ದಾವಣಗೆರೆಗೆ ಹೋದೆವು. ಮ್ಯಾನೇಜರು ಅವ್ವನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಹಂಗೇನೂ ನನಗ್ಯಾರೂ ಹೇಳಿಲ್ಲಮ್ಮ," ಅಂದರು. ಮಾವ ಗೌಸ್ ಸಾಬರನ್ನು ಕರೆಸಿ ಎಂದ. ಅವರು ಗಿರಣಿಯ ಫಿಟ್ಟರ್, ಅಪ್ಪನ ಗೆಳೆಯ. ರಂಜಾನ್ ಹಬ್ಬಕ್ಕೆ ನಮ್ಮ ಮನೆಗೆ ಸುರಕುಂಬಾ ಪಾಯಸ ತರುತ್ತಿದ್ದವರು. ಬಂದು ಬಾಗಿಲಲ್ಲಿ ನಿಂತರು. ಮ್ಯಾನೇಜರು ಕೇಳಿದಾಗ ನೆಲ ನೋಡುತ್ತ, "ನನಗೆ ಗೊತ್ತಿಲ್ರಿ ಸಾಹೇಬ್ರೆ," ಅಂದರು. ನನ್ನ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಅವರೇ ಹರಿಹರಕ್ಕೆ ಬಂದರು. ಅಂಗಳದಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೇ ಕುಳಿತುಬಿಟ್ಟರು.

"ಹೇಳಿದ್ದ ಅಕ್ಕಾ. ನನ್ನ ಎದುರಿಗೇ ಹೇಳಿದ್ದ. ನನಗೆ ಬಾಯಿ ಬರ್ಲಿಲ್ಲ," ಎಂದು ಬಿಕ್ಕಿದರು.

ಮಾವ ಎದ್ದು ಒಳಗೆ ಹೋದ. ಅವ್ವ ಒಲೆ ಹಚ್ಚಿ ಚಹಾ ಮಾಡಿ ತಂದಳು. "ನಿಮ್ಮ ಹುಡುಗ್ರು ಇನ್ನೂ ಸಣ್ಣವು ಅದಾವು ಗೌಸಣ್ಣ. ಕುಡೀರಿ, ಆರ್ತೈತೆ."

ನಮ್ಮ ವಿಚಾರಣೆ ಅಷ್ಟಕ್ಕೇ ಮುಗಿಯಿತು. ಮಾವ ಪುಸ್ತಕಗಳನ್ನು ಕಟ್ಟಿ ಬೆಂಗಳೂರಿಗೆ ವಾಪಸು ಕಳಿಸಿದ. ಅವ್ವ ಮೆಲ್ಲಗೆ ಮಾತಿಗೆ ಬಂದಳು, ನನ್ನನ್ನು ಬೈಯುವಷ್ಟಕ್ಕೂ ಬಂದಳು. ಅಪ್ಪನ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಆ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಜಾಗದಲ್ಲಿ ಈಗ ಮನೆಗಳೆದ್ದಿವೆ. ಗಾಳಿಹಡಗಿನಲ್ಲಿ ಸತ್ತವರ ಹೆಸರನ್ನೆಲ್ಲ ಅವರ ದೇಶದಲ್ಲಿ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆಂದು ಬಹಳ ವರ್ಷಗಳ ಮೇಲೆ ಓದಿದೆ. ಅದನ್ನು ಮಾವನಿಗೆ ಹೇಳಬೇಕೆಂದರೆ ಅವನಿರಲಿಲ್ಲ. ಗೌಸ್ ಸಾಬರು ಹೋದರು, ಅವ್ವನೂ ಹೋದಳು. ಅಪ್ಪನ ಮುಖ ನನಗಿನ್ನೂ ನೆನಪಿದೆ, ದನಿ ಮರೆತುಹೋಗಿದೆ. ಹೇಗಿತ್ತೆಂದು ಕೇಳೋಣವೆಂದರೆ, ಆ ದನಿ ಕೇಳಿದ್ದವರು ಯಾರೂ ಉಳಿದಿಲ್ಲ.