ಹಾಡು ಬರೆದವಳು ಆಕೆ

ಅವನ ಎಡ ಹುಬ್ಬನ್ನು ಗಾಯದ ಗೆರೆಯೊಂದು ಎರಡು ತುಂಡು ಮಾಡಿತ್ತು. ಅವನ ಹಾಡಿನ ವಿಡಿಯೋ ನೋಡಿದವರು ಅದು ಸ್ಟೈಲಿಗೆ ಬ್ಲೇಡು ಹಾಕಿಸಿದ್ದು ಎಂದುಕೊಂಡರು. ಹಾಗೇ ಮಾಡಿಸಿಕೊಂಡ ಹುಡುಗರೂ ಇದ್ದರು. ಅವನು ಯಾರನ್ನೂ ತಿದ್ದಲು ಹೋಗಲಿಲ್ಲ. ನಿಜವಾಗಿ ಅದು ಅವನವ್ವ ಗಾರೆ ಕೆಲಸಕ್ಕಿದ್ದ ಕಟ್ಟಡದಲ್ಲಿ, ಚಿಕ್ಕವನಿದ್ದಾಗ, ಸೆಂಟ್ರಿಂಗ್ ಹಲಗೆ ಬಿದ್ದು ಆದದ್ದು.

ರಾಮಮೂರ್ತಿ ನಗರದ ಒಂದೇ ವಠಾರದಲ್ಲಿ ನಾವು ಬಾಡಿಗೆಗಿದ್ದೆವು. ಅವರು ಸೇಡಂ ಕಡೆಯವರು, ನಾವು ಸುರಪುರದ ಕಡೆಯವರು. ಅವನು ಲಿಂಗರಾಜಪುರದ ಮನೆಗಳಿಗೆ ನೀರಿನ ಕ್ಯಾನು ಹಾಕುತ್ತಿದ್ದ. ಖಾಲಿ ಕ್ಯಾನಿನ ಮೇಲೆ ತಾಳ ಬಡಿಯುತ್ತಲೇ ಮೆಟ್ಟಿಲು ಹತ್ತುತ್ತಿದ್ದ. ನಾನು ಔಷಧಿ ಅಂಗಡಿಯಲ್ಲಿದ್ದೆ. ಅಲ್ಲಿ ಬೆಂಗಳೂರಿನ ಮಾತು ಕಲಿತು, ಊರಿನ ಮಾತು ಬಾಯಿಂದ ಜಾರದಂತೆ ಎಚ್ಚರವಾಗಿರುತ್ತಿದ್ದೆ. ಕದ್ದುಮುಚ್ಚಿ ಕವಿತೆ ಬರೆದರೂ ಪಠ್ಯಪುಸ್ತಕದ ಕನ್ನಡದಲ್ಲೇ.

ಒಂದು ಭಾನುವಾರ ಅಂಥ ಹಾಳೆಯೊಂದು ಅವನ ಕೈಗೆ ಸಿಕ್ಕಿತು. ಓದಿ ನಗಲಿಲ್ಲ, ಹೊಗಳಲೂ ಇಲ್ಲ.

"ಇದು ಯಾರ ಮಾತು? ನಿಮ್ಮವ್ವನ ಜೋಡಿ ಹ್ಯಾಂಗ ಜಗಳಾಡ್ತಿ, ಹಂಗ ಬರಿ," ಎಂದ.

ಬರೆದೆ. ಬೆಳಿಗ್ಗೆ ಸರ್ಕಲ್ಲಿನಲ್ಲಿ ಕೂಲಿಗೆ ಕರೆಯುವವರನ್ನು ಕಾಯುತ್ತ ನಿಲ್ಲುವ ನಮ್ಮ ಕಡೆಯ ಹೆಂಗಸರ ಬಗ್ಗೆ. ಅವನು ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ ಅದನ್ನು ರ‍್ಯಾಪ್ ಧಾಟಿಯಲ್ಲಿ ಹಾಡಿದ. ಹಾಡುವಾಗ ಚಪ್ಪಲಿ ಬಿಡುವುದು ಅವನ ಅಭ್ಯಾಸ. ಮೇಲ್ಸೇತುವೆಯ ಕೆಳಗೆ ಮೊಬೈಲಿನಲ್ಲಿ ತೆಗೆದ ಆ ವಿಡಿಯೋ ವಾರದೊಳಗೆ ನಮ್ಮ ಬೀದಿಯ ಎಲ್ಲ ಆಟೋಗಳಲ್ಲೂ ಕೇಳತೊಡಗಿತು. ಆಮೇಲೆ ಕಾಲೇಜುಗಳು ಕರೆದವು, ಸಂದರ್ಶನಗಳಾದವು. "ಸಾಲೆಲ್ಲ ನನ್ನವೇ," ಎನ್ನುತ್ತಿದ್ದ. ಮನೆಯಲ್ಲಿ ಗೊತ್ತಾದರೆ ನನಗೇ ತೊಂದರೆ, ಅದಕ್ಕೇ ಹಾಗೆ ಹೇಳುತ್ತಾನೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ವಿಡಿಯೋಗಳಲ್ಲಿ ಅವನ ಬೆನ್ನಿಗೆ ನಿಲ್ಲುತ್ತಿದ್ದ ಏಳೆಂಟು ಬೈಕಿನ ಹುಡುಗರು ಬೀದಿಯಲ್ಲೂ ಅವನ ಬೆನ್ನಿಗಿದ್ದರು. ನಮ್ಮಪ್ಪ ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು, ರಕ್ತ ಕೊಟ್ಟವರು ಅವರೇ. ಆ ಎರಡು ದಿನ ಅವನು ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ.

ಆಗಲೇ ಕಲ್ಯಾಣ ನಗರದ ಇನ್ನೊಬ್ಬ ರ‍್ಯಾಪರ್ ಅವನ ಮಾತಿನ ಧಾಟಿಯನ್ನು ಅಣಕಿಸಿ ಹಾಡು ಬಿಟ್ಟ. ಬಸ್ಸು ಹತ್ತಿ ಊರಿಗೆ ಹೋಗು ಎಂಬುದು ಅದರ ಸಾರಾಂಶ. ಅವನಿಗಿಂತ ಹೆಚ್ಚು ನನಗೇ ಉರಿಯಿತು. ಅಂಗಡಿಯಲ್ಲಿ ನುಂಗಿಕೊಂಡಿದ್ದೆಲ್ಲ ಉತ್ತರವಾಗಿ ಬಂತು: 'ನಮ್ಮ ಮಾತಿಗಿ ನಕ್ಕರ, ಮೈಕ್ ಹಿಡ್ಯಾಕ ಕೈ ಇರಂಗಿಲ್ಲ.' ಅವನು ಅದನ್ನು ಹಾಡಿ ಬಿಟ್ಟ. ನನಗದು ಬರೀ ಮಾತಾಗಿತ್ತು.

ತಿಂಗಳೊಳಗೆ ಇಂದಿರಾನಗರದಲ್ಲಿ ಒಂದು ಸ್ಪರ್ಧೆ ನಡೆಯಿತು. ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಎರಡು ಗುಂಪಿಗೂ ಜಗಳವಾಗಿ, ಕಲ್ಯಾಣ ನಗರದವನ ಬಲಗೈ ಮಣಿಕಟ್ಟು ಮುರಿಯಿತು. ಹೆಲ್ಮೆಟ್ಟಿನಿಂದ ಹೊಡೆದದ್ದು. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಆತ ಆ ಸಾಲನ್ನೂ ಬೆದರಿಕೆ ಎಂದು ಬರೆಸಿದ್ದ.

ಮರುದಿನ ಅವನು ನಮ್ಮ ಬಾಗಿಲಿಗೆ ಬಂದ. ತಾನು ಹೊಡೆದಿಲ್ಲ, ಹುಡುಗರು ಹೊಡೆದರು, ಬಿಡಿಸಲು ಹೋಗಿದ್ದೆ ಎಂದು ಅವ್ವನ ಮೇಲೆ ಆಣೆಯಿಟ್ಟ.

"ಆ ಹೊತ್ತಿಗಿ ನಿಮ್ಮನಿಯಾಗ ಇದ್ದೆ ಅಂತ ಒಂದು ಮಾತು ಹೇಳು. ಅಷ್ಟೇ ಸಾಕು."

ಹೇಳಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಅವನು ನನ್ನೊಂದಿಗಿದ್ದ ಎಂದು ಪೊಲೀಸರ ಮುಂದೆ ಸಹಿ ಹಾಕಿದೆ. ಅದು ವಠಾರಕ್ಕೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಪ್ಪ ಊಟ ಬಿಟ್ಟ. ಅವ್ವ ನನ್ನೊಂದಿಗೆ ಮಾತು ಬಿಟ್ಟಳು.

ನಾಲ್ಕು ದಿನದ ಮೇಲೆ ಯಾರದೋ ಮೊಬೈಲಿನ ವಿಡಿಯೋ ಹೊರಬಂತು. ಹೆಲ್ಮೆಟ್ ಎತ್ತಿದವನು ಅವನೇ. ಸ್ಟೇಷನ್ನಿನಿಂದ ಕರೆ ಬಂತು. ಮಹಿಳಾ ಎಸ್ಸೈ ಒಬ್ಬರು ಎದುರು ಕೂರಿಸಿಕೊಂಡು, ಅವನು ಎಲ್ಲ ಒಪ್ಪಿಕೊಂಡಿರುವುದಾಗಿ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದನಂತೆ. ಅವರು ಹಾಳೆ ನೋಡಿ ಓದಿದರು:

"ಹಾಡು ಬರೆದವಳು ಆಕೆ. ಆ ಸಾಲಿನಿಂದಲೇ ಜಗಳ ಹತ್ತಿದ್ದು. ನಾನು ಹಾಡಿದವನು ಅಷ್ಟೇ."

ಎರಡು ವರ್ಷ, ಅಷ್ಟೊಂದು ವೇದಿಕೆ, ಅಷ್ಟೊಂದು ಮೈಕು. ಎಲ್ಲೂ ಬಾರದ ನನ್ನ ಹೆಸರು ಅವನ ಬಾಯಲ್ಲಿ ಮೊದಲ ಬಾರಿ ಬಂದದ್ದು ಅಲ್ಲಿ.

"ನೀವೇ ಬರ್ದಿದ್ದಾ?" ಎಂದರು ಎಸ್ಸೈ.

ಇಲ್ಲ ಎನ್ನಬಹುದಿತ್ತು. "ಹೌದ್ರೀ ಮೇಡಂ, ನಾನೇ ಬರ್ದೀನಿ," ಎಂದೆ. ಸುಳ್ಳು ಹೇಳಿಕೆಗೆ ಒಂದು ಗಂಟೆ ಬೈದರು. ನಿಜ ಬರೆದುಕೊಟ್ಟ ಮೇಲೆ ಮನೆಗೆ ಕಳಿಸಿದರು.

ಅವನು ಕೆಲವು ವಾರ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಮುಂದೆ ಎರಡೂ ಕಡೆಯವರು ರಾಜಿಯಾದರು. ಕೈ ಮುರಿದವನೂ ಮುರಿಸಿಕೊಂಡವನೂ ಹೆಗಲ ಮೇಲೆ ಕೈಹಾಕಿಕೊಂಡು ಒಂದು ಹಾಡು ಬಿಟ್ಟರು. ನಾವು ವಠಾರ ಬಿಟ್ಟು ಹಲಸೂರಿನ ಒಂದು ಸಣ್ಣ ಕೋಣೆಗೆ ಬಂದಿದ್ದೆವು.

ಅವನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತದೆಂದೂ ಅನಿಸುವುದಿಲ್ಲ. ಆದರೆ ಅಂಗಡಿಗೆ ಬಂದ ಹೆಂಗಸೊಬ್ಬಳು ನಮ್ಮ ಕಡೆಯ ಮಾತಲ್ಲಿ ಗುಳಿಗೆ ಕೇಳಿದರೆ ಈಗ ಅದೇ ಮಾತಲ್ಲಿ ಉತ್ತರಿಸುತ್ತೇನೆ, ಮಾಲೀಕ ಎದುರಿಗಿದ್ದರೂ. ಆ ಧೈರ್ಯ ಅವನು ಕೊಟ್ಟದ್ದು. ಅದನ್ನು ಇಲ್ಲವೆನ್ನಲಾರೆ.

ಕಳೆದ ತಿಂಗಳು ಫೋನ್ ಮಾಡಿದ್ದ. ಜೋಡಿ ಹಾಡು ಓಡಲಿಲ್ಲವಂತೆ. "ಹಳೇದೆಲ್ಲ ಬಿಡು. ಎಂಟು ಸಾಲು ಬರ್ದು ಕೊಡು," ಎಂದ. ಆಗುವುದಿಲ್ಲ ಎಂದು ಫೋನ್ ಇಟ್ಟೆ.

ಅವತ್ತೇ ಕೂತು ಎಂಟು ಸಾಲು ಬರೆದೆ, ಅವ್ವನ ಜೋಡಿ ಜಗಳಾಡುವ ಮಾತಿನಲ್ಲೇ. ಅವ್ವ ಸೊಪ್ಪು ಸೋಸುತ್ತ ಕೂತಿದ್ದಳು. ಎದುರಿಗೆ ಕೂತು ಗಟ್ಟಿಯಾಗಿ ಓದಿದೆ. ಅವಳು ತಲೆ ಎತ್ತದೆ, "ಇನ್ನೊಮ್ಮಿ ಓದು," ಎಂದಳು.