ಅಳಿಸಿಹೋದ ಕಾವಲುಗಾರ

ನಾಸಿಕದ ನಮ್ಮ ಮನೆಗೆ ಬೀದರ ಕಡೆಯ ಬೀಗರು ಬಂದರೆ ಮೊದಲು ಗೋಡೆಯ ಚಿತ್ರಗಳಿಗೆ ಕೈಮುಗಿಯುತ್ತಾರೆ. ಆಮೇಲೆ ಹತ್ತಿರ ಹೋಗಿ ನೋಡಿ ಮೆಲ್ಲಗೆ ಕೈ ಇಳಿಸುತ್ತಾರೆ. ಚೌಕಟ್ಟಿನೊಳಗೆ ದೇವರಿಲ್ಲ, ಗುರುಗಳಿಲ್ಲ. ಉಬ್ಬುಹಲ್ಲಿನ ಅಂಚೆಯವನಿದ್ದಾನೆ, ಕೊಡೆ ಹಿಡಿದ ನಾಯಿ ಇದೆ.

"ಕೈ ಮುಗಿಯುವಂಥವ್ರನ್ನ ತೂಗಹಾಕ್ರಿ ಅಂದ್ರ, ಕಾರ್ಟೂನ್ ತಂದ್ ಹಾಕ್ಯಾರ" ಎಂದು ಹೆಂಡತಿ ಬೀಗರ ಮುಂದೆಯೇ ಅನ್ನುತ್ತಾಳೆ.

ಅವು ಕಲ್ಲಚ್ಚಿನ ಚಿತ್ರಗಳು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಇಲ್ಲಿನ ಸಾತಪುರದ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನನಗೆ ಮರಾಠಿ ಓದಲು ಕಲಿಸಿದ್ದು ಕ್ಷೌರದಂಗಡಿಯ ಹಳೆ ಪತ್ರಿಕೆಗಳ ಚಿತ್ರಕಥೆಗಳು. ಅವುಗಳಲ್ಲಿ ದೊಡ್ಡ ಮೀಸೆಯ ಕಾವಲುಗಾರನೊಬ್ಬ ಇದ್ದ. ಕಳ್ಳ ಬಂದಾಗ ನಿದ್ದೆ ಹೊಡೆಯುತ್ತಿದ್ದ, ಸಾಹೇಬ ಬಂದಾಗ ಎದ್ದು ಸಲಾಮು ಹೊಡೆಯುತ್ತಿದ್ದ. ಅವನೇ ನನ್ನ ಮೊದಲ ಮಾಸ್ತರ.

ಸಂಭಾಜಿನಗರದಲ್ಲಿ ಧಾರವಾಡದ ಚಿತ್ರಗಾರ್ತಿಯೊಬ್ಬರಿದ್ದಾರೆ. ಗಂಡನಿಗೆ ಬ್ಯಾಂಕಿನ ವರ್ಗಾವಣೆಯಾಗಿ ಬಂದವರು, ಕನ್ನಡ ಸಂಘದ ಕೂಟದಲ್ಲಿ ನನಗೆ ಪರಿಚಯವಾದವರು. ಅಂಥ ಹಳೆಯ ಪಾತ್ರಗಳನ್ನು ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಬರೆದು, ಮಸಿ ಹಚ್ಚಿ ಕಾಗದಕ್ಕೆ ಇಳಿಸುತ್ತಾರೆ. ಒಂದು ಚಿತ್ರ ಮುಗಿದರೆ ಕಲ್ಲಿನ ಮೇಲೆ ಮರಳಿನಂಥ ಪುಡಿ, ನೀರು ಹಾಕಿ ಉಜ್ಜಿ ಬರಿದು ಮಾಡಬೇಕು. ಅದು ಹೆಂಗಸರ ರಟ್ಟೆ ಮುರಿಯುವ ಕೆಲಸ. ನಾನು ಇಪ್ಪತ್ತು ವರ್ಷ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತವನು. ಭಾನುವಾರ ಬಸ್ಸು ಹತ್ತಿ ಹೋಗಿ ಕಲ್ಲು ಉಜ್ಜಿ ಕೊಡುವುದು, ಬದಲಿಗೆ ಒಂದೊಂದು ಚಿತ್ರ ಪಡೆಯುವುದು ಎಂದು ಮಾತಾಯಿತು. ಹೀಗೆ ನಾಲ್ಕು ಚಿತ್ರ ಕೂಡಿದವು. ಐದನೆಯದಾಗಿ ನನ್ನ ಕಾವಲುಗಾರನನ್ನೇ ಬರೆಯಿರಿ ಎಂದು ಬೇಡಿಕೊಂಡೆ. ಅವರು ಒಪ್ಪಿದ ದಿನದಿಂದ ಗೋಡೆಯಲ್ಲಿ ಮೊಳೆ ಹೊಡೆದು ಕಾದಿದ್ದೆ.

ಹೀಗಿರುವಾಗ ಒಂದು ಭಾನುವಾರ ಅಚ್ಚಿನ ಕೋಣೆಯಲ್ಲಿ ಅವರು, "ಅಣ್ಣಾರ, ಮೂಲ್ಯಾಗಿನ ಕಲ್ಲು ಉಜ್ಜಿಡ್ರಿ, ಮನಿಗೆ ಹೋಗಿ ಊಟಾ ತರ್ತೀನಿ" ಎಂದು ಹೋದರು. ಅರ್ಧ ಗಂಟೆಯಲ್ಲಿ ಮುಗಿಸಿದೆ. ಕೈಕಟ್ಟಿ ಕೂರುವ ಅಭ್ಯಾಸ ನನಗಿಲ್ಲ. ಅಚ್ಚಿನ ಯಂತ್ರದ ಮೇಲೆ ಇನ್ನೊಂದು ಕಲ್ಲಿತ್ತು. ಬಗ್ಗಿ ನೋಡಿದರೆ ಮಸುಕಾದ ಕಲೆ. ಯಾರೋ ಅರ್ಧಂಬರ್ಧ ಉಜ್ಜಿ ಬಿಟ್ಟಿದ್ದಾರೆ! ನನಗೆ ಮೈ ಉರಿಯಿತು. ಇಳಿಸಿಕೊಂಡು, ಬನಿಯನ್ ತೊಯ್ಯುವ ತನಕ ಉಜ್ಜಿದೆ.

ಅವರು ಡಬ್ಬಿ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

"ಯಂತ್ರದ ಮ್ಯಾಲಿನ ಕಲ್ಲು ಎಲ್ಲೈತ್ರಿ?"

"ಅದನೂ ಮಾಡಿಟ್ಟೀನ್ರಿ ಬಾಯಾರ. ಮೊದ್ಲು ಉಜ್ಜಿದವ್ರು ಭಾಳ ಕಾಮಚೋರ್ ಇದ್ದಾರ ನೋಡ್ರಿ."

"ಅಣ್ಣಾರ, ಅದರಾಗ ನಿಮ್ಮ ಕಾವಲುಗಾರ ಇದ್ದ."

ಅಚ್ಚು ಹಾಕುವ ಮೊದಲು ಬರೆದದ್ದನ್ನು ಒರೆಸಿ ಅಂಟು ಸವರಿ ಇಡುತ್ತಾರಂತೆ. ಆಗ ಮಸುಕು ಕಲೆಯಷ್ಟೇ ಕಾಣುತ್ತದೆ, ಚಿತ್ರ ಕಲ್ಲಿನೊಳಗೆ ಇರುತ್ತದೆ, ಮಸಿ ಹಚ್ಚಿದರೆ ಮೇಲೆ ಬರುತ್ತದೆ. ಮೂರು ವಾರದ ಕೆಲಸ. ಒಂದು ಕಾಗದಕ್ಕೂ ಇನ್ನೂ ಇಳಿದಿರಲಿಲ್ಲ. ನನ್ನ ಮಾಸ್ತರನನ್ನು ನಾನೇ ಚರಂಡಿಗೆ ಬಿಟ್ಟಿದ್ದೆ.

ಅವರು ಉಕ್ಕಿನ ಪಟ್ಟಿ ತಂದು ಕಲ್ಲಿನ ಮೇಲೆ ನಿಲ್ಲಿಸಿ, ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ನೋಡಿದರು. ನುಸುಳಲಿಲ್ಲ, ಕಲ್ಲು ಎಲ್ಲೂ ತಗ್ಗಿರಲಿಲ್ಲ. ನಾಲ್ಕೂ ಕಡೆ ನೋಡಿದರು.

"ಬೈಬೇಕಂದ್ರ ಕೆಲಸದಾಗ ಒಂದ್ ತಪ್ಪೂ ಇಲ್ರಿ ನಿಮ್ದು" ಎಂದು ನಗಲಾರದೆ ನಕ್ಕರು.

"ನನಗ ಚಿತ್ರ ಬ್ಯಾಡ್ರಿ" ಎಂದೆ. ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ಎರಡು ಭಾನುವಾರ ಮನೆಯಲ್ಲೇ ಕೂತು ಖಾಲಿ ಮೊಳೆ ನೋಡಿದೆ.

"ಆ ಬಾಯಾರಿಗೇ ಸಿಟ್ಟಿಲ್ಲ, ನಿಮಗ್ಯಾಕ್ರಿ ಸಿಟ್ಟು?" ಎಂದಳು ಹೆಂಡತಿ.

ಮೂರನೆಯ ಭಾನುವಾರ ಅವರ ಫೋನು ಬಂತು: "ಬರ್ರಿ ಅಣ್ಣಾರ, ಉಜ್ಜೂ ಕಲ್ಲು ನಿಮ್ಮ ದಾರಿ ಕಾದು ಕೂತಾವ."

ಹೋದೆ. ಅದೇ ಕಲ್ಲಿನ ಮೇಲೆ ಅವರು ಮತ್ತೆ ಬರೆದು, ನಾನು ಬರುವ ಮೊದಲೇ ಅಚ್ಚು ಹಾಕಿ ಮುಗಿಸಿದ್ದರು. ಮೊದಲ ಪ್ರತಿ ನನ್ನ ಕೈಗಿಟ್ಟರು. ಕಾವಲುಗಾರನಿಗೆ ಈ ಸಲ ನಿದ್ದೆಯಿಲ್ಲ. ಅಚ್ಚಿನ ಕಲ್ಲೊಂದರ ಮೇಲೆ ಕಾಲು ಇಳಿಬಿಟ್ಟು ಕೂತು, ಮುಟ್ಟಿದರೆ ಜೋಕೆ ಎಂಬಂತೆ ನೋಡುವವರ ಕಡೆಗೇ ಲಾಠಿ ಚಾಚಿದ್ದಾನೆ.

ಈಗ ಪಾಳಿ ಮುಗಿಸಿ ಮನೆಗೆ ಕಾಲಿಟ್ಟರೆ ಮೊದಲು ಅವನ ಲಾಠಿ ಕಾಣುತ್ತದೆ. ಬೀಗರು ಕೇಳಿದರೆ ಹೆಂಡತಿಯೇ ಹೇಳುತ್ತಾಳೆ, "ನಮ್ಮವ್ರನ್ನ ಕಾಯ್ಲಾಕ ಕುಂತಾನ್ರಿ."