ನನ್ನ ವೆಬ್‌ಸೈಟಿನಲ್ಲಿದ್ದ ಪರದೇಶದ ಮದುಮಗಳು

ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಕ್ಯಾಮೆರಾ ಹಿಡಿದೆ. ಮದುವೆಗಳಲ್ಲಿ ಹೆಣ್ಣುಮಕ್ಕಳು ಸಿಂಗಾರವಾಗುವ ಕೋಣೆ ನನ್ನ ಪಾಲಿಗೆ. ಅಲ್ಲಿಗೆ ಗಂಡಸರನ್ನು ಬಿಡುತ್ತಿರಲಿಲ್ಲವಾದ್ದರಿಂದ ಮಾಲೀಕರಿಗೆ ನಾನು ಬೇಕಿದ್ದೆ. ಹೋದ ವರ್ಷ ಆ ಕೆಲಸ ಬಿಟ್ಟು, ಭದ್ರಾವತಿ ನ್ಯೂ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತದ್ದು ಶುರುಮಾಡಿದೆ. ವೆಬ್‌ಸೈಟಿಗೆ ಸಿದ್ಧ ಟೆಂಪ್ಲೇಟುಗಳು ಸಿಗುತ್ತವೆ, ಒಂದನ್ನು ಆರಿಸಿ ನಮ್ಮ ಹೆಸರು, ಫೋಟೋ ತುಂಬಿದರೆ ಮುಗಿಯಿತು, ಅರ್ಧ ದಿನದ ಕೆಲಸ ಎಂದು ನನ್ನ ಗಂಡ ಹೇಳಿದರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆ ಅರ್ಧ ದಿನ ಮೂರು ವಾರವಾಯಿತು.

ಮೊದಲು ಆರಿಸಿದ ಟೆಂಪ್ಲೇಟಿನಲ್ಲಿ ಮೇಲ್ಗಡೆ ಅಗಲವಾದ ಪಟ್ಟಿಯಂಥ ಜಾಗವಿತ್ತು. ನೋಡೋಣವೆಂದು ಅದರಲ್ಲಿ ನನ್ನ ತಂಗಿಯ ಮದುವೆಯಲ್ಲಿ ಬೇರೆ ಯಾರೋ ತೆಗೆದಿದ್ದ ಫೋಟೋ ಹಾಕಿದರೆ ಬಾಸಿಂಗವೂ ಹಣೆಯೂ ಹಾರಿಹೋಗಿ, ಹುಬ್ಬಿನಿಂದ ಸೊಂಟದವರೆಗಷ್ಟೇ ಅವಳು ಉಳಿಯುತ್ತಿದ್ದಳು. ಎರಡನೆಯದರಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ‘ಮದುವೆಯ ಚಿತ್ರಗಳು’ ಎಂದು ಬರೆದರೆ ‘ಮದುವೆಯ ಚಿತಗಳು’ ಎಂದು ಕಾಣುತ್ತಿತ್ತು. ಮೂರನೆಯದು ಸರಿಯಿದೆ ಅನ್ನಿಸಿತು. ಆದರೆ ಅದಕ್ಕೆ ಇಪ್ಪತ್ತು ಫೋಟೋಗಳು ಬೇಕು. ಕಡಿಮೆ ಹಾಕಿದರೆ ಉಳಿದ ಚೌಕಗಳಲ್ಲಿ ಟೆಂಪ್ಲೇಟಿನ ಜೊತೆಗೇ ಬಂದ ಪರದೇಶದ ಮದುಮಗಳು ಬಿಳಿ ಗೌನು ತೊಟ್ಟು ನಗುತ್ತಿದ್ದಳು.

ನಾನು ತೆಗೆದ ಫೋಟೋಗಳು ಸಾವಿರಗಟ್ಟಲೆ ಇದ್ದವು, ಆದರೆ ಎಲ್ಲವೂ ಸ್ಟುಡಿಯೋದ ಕಂಪ್ಯೂಟರಿನಲ್ಲಿ. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಹಳೆಯ ಮಾಲೀಕರನ್ನು ಕೇಳಿದೆ.

“ಅವು ಸ್ಟುಡಿಯೋದು ಕಣಮ್ಮ. ತೆಗ್ದಿದ್ದು ನೀನೇ ಇರಬಹುದು, ಆರ್ಡರ್ ಹಿಡಿದಿದ್ದು ನಾನಲ್ವಾ?” ಎಂದರು.

“ಇಪ್ಪತ್ತು ಕೊಡಿ ಸಾಕು ಸಾರ್. ನಿಮ್ಮ ಹೆಸರೂ ಹಾಕ್ತೀನಿ.”

“ಬೇಡ ಬಿಡು. ಕಾಫಿ ಕುಡ್ಕೊಂಡು ಹೋಗು.”

ಕಾಫಿ ಕುಡಿಯಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯ ಇಲ್ಲದೆಯೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ತೆಗೆದ ಒಬ್ಬೊಬ್ಬ ಮದುಮಗಳ ಮುಖವೂ ಕಣ್ಣ ಮುಂದೆ ಬಂತು. ನನ್ನವು ಎಂದು ತೋರಿಸಲು ಒಂದೂ ಇರಲಿಲ್ಲ.

ಫೋನಿನಲ್ಲಿ ಹೇಗೆ ಕಾಣುತ್ತದೆ ನೋಡೋಣ ಎಂದು ಆ ಅರೆಬರೆ ಪುಟವನ್ನೇ ಒಮ್ಮೆ ಪಬ್ಲಿಷ್ ಮಾಡಿದೆ. ನನ್ನ ಗಂಡ ಅದರ ಲಿಂಕನ್ನು ನನಗೆ ಹೇಳದೆ ತಮ್ಮ ಶಿಕ್ಷಕರ ಗುಂಪಿಗೆ ಕಳಿಸಿಬಿಟ್ಟರು. ಮರುದಿನ ಬೆಳಿಗ್ಗೆ ಯಾರೋ ಫೋನ್ ಮಾಡಿದರು.

“ಮೇಡಂ, ಕುಂಸಿಯಿಂದ ಮಾತಾಡ್ತಿದೀನಿ. ತಂಗಿ ಮದ್ವೆ ಇದೆ. ಮೇಷ್ಟ್ರೊಬ್ರು ನಿಮ್ಮ ವೆಬ್‌ಸೈಟ್ ಕಳಿಸಿದ್ರು. ನೀವು ಪ್ಯಾರಿಸ್‌ನಲ್ಲಿ ಇರ್ತೀರಾ, ಇಲ್ಲೇ ಇರ್ತೀರಾ?”

‘ನನ್ನ ಬಗ್ಗೆ’ ಎಂಬಲ್ಲಿ ಟೆಂಪ್ಲೇಟಿನವರು ಬರೆದದ್ದು ಹಾಗೆಯೇ ಉಳಿದಿತ್ತು. ನಾನು ಪ್ಯಾರಿಸ್ಸಿನವಳು, ನನಗೊಂದು ನಾಯಿಯಿದೆ ಎಂದೆಲ್ಲ.

“ಭದ್ರಾವತೀಲೇ ಸರ್. ಅದು ಸ್ಯಾಂಪಲ್, ಇನ್ನೂ ಬದಲಾಯಿಸಿಲ್ಲ.”

“ಹಂಗಾದ್ರೆ ಆ ಫೋಟೋಗಳು?”

ನಾನೇ ತೆಗೆದದ್ದು ಎನ್ನಲು ನಾಲಿಗೆ ಬರಲಿಲ್ಲ. “ಅವೂ ಸ್ಯಾಂಪಲ್ಲೇ ಸರ್.”

“ಮತ್ತೆ ನೀವು ತೆಗ್ದಿದ್ದು ಎಲ್ಲಿದೆ?”

“ಹಳೇ ಸ್ಟುಡಿಯೋದಲ್ಲಿದೆ ಸರ್, ಅವರು ಕೊಡ್ತಿಲ್ಲ” ಎಂದೆ. ಆತ ಮರ್ಯಾದೆಯಿಂದಲೇ, “ಮನೇಲಿ ಕೇಳಿ ಹೇಳ್ತೀನಿ ಮೇಡಂ” ಎಂದು ಫೋನಿಟ್ಟ. ಮತ್ತೆ ಫೋನ್ ಬರಲಿಲ್ಲ.

“ಯಾರನ್ನ ಕೇಳಿ ಕಳಿಸಿದ್ರಿ?” ಎಂದು ಗಂಡನ ಮೇಲೆ ಕೂಗಾಡಿದೆ.

“ಖುಷಿಯಾಯ್ತು, ಕಳಿಸ್ದೆ,” ಎಂದರು. ಅವರ ಮುಖ ನೋಡಿ ಪಾಪ ಅನ್ನಿಸಿತು. ಆದರೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಓಲ್ಡ್ ಟೌನಿನಲ್ಲಿ ನನ್ನ ಗೆಳತಿಯೊಬ್ಬಳ ಹೊಲಿಗೆ ಅಂಗಡಿಯಿದೆ. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ ಮಾತಾಡುವವಳು. ಮದುಮಗಳ ಬ್ಲೌಸು ಹೊಲಿಯುವುದರಲ್ಲಿ ಎತ್ತಿದ ಕೈ. ಸ್ಯಾಂಪಲ್ ಫೋಟೋಗಳನ್ನೆಲ್ಲ ತೆಗೆದುಹಾಕಿದ್ದ ಪುಟವನ್ನು ಅವಳಿಗೆ ಫೋನಿನಲ್ಲಿ ತೋರಿಸಿ ಗೋಳು ಹೇಳಿಕೊಂಡೆ. ಅವಳು ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದಳು.

“ಎಂಥದು ಮಾರಾಯ್ತಿ ಇದು, ಎಲ್ಲಿ ನೋಡಿದ್ರೂ ಬಿಳಿ ಜಾಗ! ಫೋಟೋ ಇಲ್ಲ ಅಂತ ಅಳ್ತಾ ಕೂತ್ರೆ ಆಗುತ್ತಾ? ನಾಳೆ ಒಂದು ಹುಡುಗಿ ಬ್ಲೌಸ್ ಹಾಕಿ ನೋಡಕ್ಕೆ ಬರ್ತಾಳೆ. ಕ್ಯಾಮೆರಾ ತಗೊಂಡು ಬಾ, ಅವಳನ್ನೇ ಕೇಳು.”

ಮರುದಿನ ಹುಡುಗಿ ತನ್ನ ಚಿಕ್ಕಮ್ಮನ ಜೊತೆ ಬಂದಳು. ನಾನು ಯಾರು, ಫೋಟೋ ಯಾಕೆ ಬೇಕು, ಎಲ್ಲಿ ಹಾಕುತ್ತೇನೆ ಎಂದು ಬಿಡಿಸಿ ಹೇಳಿದೆ. ಚಿಕ್ಕಮ್ಮ ಅನುಮಾನದಿಂದ ನೋಡಿದರು. ಹುಡುಗಿಯೇ, “ಮುಖ ಬೇಡ ಅಕ್ಕ. ಮುಖ ಕಾಣದಂಗೆ ತೆಗೀರಿ” ಎಂದಳು.

ಹುಡುಗಿ ಜಡೆಯನ್ನು ಮುಂದಕ್ಕೆಳೆದುಕೊಂಡು ನಿಂತಳು. ಗೆಳತಿ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಅವಳ ಬೆನ್ನ ಹಿಂದೆ ಬಗ್ಗಿ ಹುಕ್ಕು ಹಾಕುತ್ತಿದ್ದಳು. ಬಾಗಿಲಿನಿಂದ ಬಂದ ಬಿಸಿಲು ಹಸಿರು ರೇಷ್ಮೆಯ ಮೇಲೆ ಬಿದ್ದಿತ್ತು. ಮೂರು ವಾರಗಳಲ್ಲಿ ಮೊದಲ ಸಲ ನನಗೆ ಟೆಂಪ್ಲೇಟು ಮರೆತುಹೋಯಿತು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು.

ಅದರಲ್ಲಿ ಮೂರು ಫೋಟೋ ಆರಿಸಿದೆ. ಏನೇನೂ ಅಲಂಕಾರವಿಲ್ಲದ, ಫೋಟೋಗಳನ್ನು ಕತ್ತರಿಸದೆ ಒಂದರ ಕೆಳಗೊಂದು ತೋರಿಸುವ ಟೆಂಪ್ಲೇಟು ಹುಡುಕಿ ಹಾಕಿದೆ. ಒತ್ತಕ್ಷರದ ರಗಳೆಯೇ ಬೇಡವೆಂದು ಕನ್ನಡದ ಶೀರ್ಷಿಕೆಯನ್ನೇ ಒಂದು ಚಿತ್ರವಾಗಿ ಮಾಡಿ ಅಂಟಿಸಿದೆ. ವಾರವಿಡೀ ಕಾದ ಮೇಲೆ ಒಂದು ಸಂದೇಶ ಬಂತು. ‘ನಿಮ್ಮ ವೆಬ್‌ಸೈಟ್ ಆಕರ್ಷಕವಾಗಿಲ್ಲ, ನಾವು ಹೊಸದು ಮಾಡಿಕೊಡುತ್ತೇವೆ.’ ಲ್ಯಾಪ್‌ಟಾಪನ್ನು ಧಪ್ಪೆಂದು ಮುಚ್ಚಿ ಎದ್ದುಹೋದೆ.

ಕೆಲಸ ಬಂದದ್ದು ಬೇರೆ ದಾರಿಯಿಂದ. ಆ ಹುಡುಗಿಯ ಚಿಕ್ಕಮ್ಮ ಅಂಗಡಿಗೆ ಬಂದು ನನ್ನ ನಂಬರು ಕೇಳಿದ್ದರಂತೆ. ಮದುವೆಗೂ ನಾನೇ ಬರಬೇಕಂತೆ. ಹೋದೆ, ಮನಸ್ಸಿಟ್ಟು ತೆಗೆದೆ. ಆಲ್ಬಂ ಕೊಡಲು ಹೋದಾಗ, ಕೆಲವನ್ನು ವೆಬ್‌ಸೈಟಿಗೆ ಹಾಕಬಹುದಾ ಎಂದು ಹುಡುಗಿಯನ್ನು ಕೇಳಿದೆ. ಅವಳು ಗಂಡನನ್ನು ಕೇಳಿದಳು, ಅವನು ಅಮ್ಮನನ್ನು ಕೇಳಿದ. ಬೇಡ ಎಂದರು. ಅದೇ ಅತ್ತೆ, ಫೋಟೋಗಳು ಬಹಳ ಚೆನ್ನಾಗಿವೆ ಎಂದು ತಮ್ಮ ತಂಗಿಯ ಮನೆಯ ಸೀಮಂತಕ್ಕೂ ನನಗೇ ಹೇಳಿದರು. ಹಾಕಬಾರದು ಎಂದಮೇಲೆ ಮುಗಿಯಿತು, ವೆಬ್‌ಸೈಟಿನಲ್ಲಿ ಆ ಮೂರು ಫೋಟೋಗಳೇ ಉಳಿದವು. ಸೀಮಂತಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡು ಬಂದೆ.